ದೊಡ್ಡದಕ್ಕೆ ಎಷ್ಟು ಹಾಳೆ?

ಶಾಲೆಯ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ಬೆಂಗಳೂರಿನ ಸುಲ್ತಾನ್‌ಪೇಟೆಯ ಕಾಗದದ ಅಂಗಡಿಗಳಿಗೆ ಬೇರೊಂದು ಬಗೆಯ ಗಿರಾಕಿಗಳು ಬರುತ್ತಾರೆ. ಒಂದು ಕೈಯಲ್ಲಿ ಮಗುವಿನ ಕೈ, ಇನ್ನೊಂದರಲ್ಲಿ ಬಟ್ಟೆಯ ಚೀಲ. ರೀಮುಗಳ ಲೆಕ್ಕದಲ್ಲಿ ಮಾತಾಡುವ ಮುದ್ರಕರ ನಡುವೆ ನುಸುಳಿ, ಸ್ವಲ್ಪ ಸಂಕೋಚದಿಂದಲೇ ಕೇಳುತ್ತಾರೆ: "ಒಂದು ದೊಡ್ಡ ಹಾಳೆ ಕೊಡಿ."

"ಎಷ್ಟು ದೊಡ್ಡದು ಸಾರ್?"

ಅಲ್ಲಿಗೆ ಅಪ್ಪ ತಬ್ಬಿಬ್ಬು. ದೊಡ್ಡದೆಂದರೆ ದೊಡ್ಡದು, ಅದಕ್ಕೊಂದು ಅಳತೆ ಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರುವುದಿಲ್ಲ. ಆದರೆ ಡೆಮಿ, ಕ್ರೌನ್, ಡಬಲ್ ಕ್ರೌನ್ ಎಂದು ಬೆಳಗಿನಿಂದ ರಾತ್ರಿಯವರೆಗೆ ಅಳತೆಯನ್ನೇ ಉಸಿರಾಡುವ ಈ ಪೇಟೆಯಲ್ಲಿ ಅಳತೆಯಿಲ್ಲದ ಮಾತಿಗೆ ಬೆಲೆಯಿಲ್ಲ. ಇಲ್ಲಿ ಕಾಗದ ಬಂಡಲುಗಳಾಗಿ ಬಂದಿಳಿಯುತ್ತದೆ, ಯಂತ್ರದ ಕತ್ತಿಗೆ ಸಿಕ್ಕಿ ತುಂಡಾಗುತ್ತದೆ, ಲಗ್ನಪತ್ರಿಕೆಯಾಗಿ, ಬಿಲ್ ಪುಸ್ತಕವಾಗಿ, ಕ್ಯಾಲೆಂಡರಾಗಿ ಊರೂರಿಗೆ ಹೋಗುತ್ತದೆ. ತಲೆಯ ಮೇಲೆ ಹೊರೆ ಹೊತ್ತ ಹಮಾಲಿ "ಸೈಡು, ಸೈಡು" ಎನ್ನುತ್ತ ಬಂದರೆ ಮೋಟಾರ್ ಬೈಕು ಕೂಡ ಗೋಡೆಗೆ ಒರಗಬೇಕು. ಅಷ್ಟು ಕಿರಿದು ಓಣಿಗಳು.

ಲೋಕದ ಅತಿ ದೊಡ್ಡ ಮರ, ಪ್ರಾಣಿ, ವಿಗ್ರಹಗಳ ಮಾತಿಗೆ ಇಷ್ಟು ಕಿರಿದಾದ ಜಾಗ ತಕ್ಕುದೇ? ತಕ್ಕುದೇ ಸರಿ. ಏಕೆಂದರೆ ಅಳೆಯುವ ಹಾಳೆ ಇರುವುದು ಇಲ್ಲಿಯೇ.

ದೊಡ್ಡಪೇಟೆ, ಚಿಕ್ಕಪೇಟೆ

ಸುಲ್ತಾನ್‌ಪೇಟೆಯ ಹೆಸರು ಟಿಪ್ಪು ಸುಲ್ತಾನನ ನೆನಪು ಎನ್ನುತ್ತಾರೆ. ಸುತ್ತಮುತ್ತಲಿನ ಪೇಟೆಗಳ ಹೆಸರುಗಳೋ ತೀರ ಮನೆಯ ಸಾಮಾನುಗಳವು: ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ರಾಗಿಪೇಟೆ. ಇಂದಿನ ಅವೆನ್ಯೂ ರಸ್ತೆಯ ಹಳೆಯ ಹೆಸರು ದೊಡ್ಡಪೇಟೆ. ಅದನ್ನು ಅಡ್ಡಲಾಗಿ ಕೂಡುವುದು ಚಿಕ್ಕಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಲು ಹೊರಟಾಗ ಇವೆರಡೂ ಕೂಡುವಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೆ ಹೊಡೆಸಿದರು, ಎತ್ತು ನಿಂತಲ್ಲಿ ಊರಿನ ಬಾಗಿಲಾಯಿತು ಎಂಬುದು ಪ್ರತೀತಿ. ಕೋಟಿ ಮೀರಿದ ಜನಸಂಖ್ಯೆಯ ಈ ಮಹಾನಗರದ ಮೊದಲ ಅಳತೆಗೋಲು ಎತ್ತಿನ ಹೆಜ್ಜೆ!

ಇನ್ನು ಹಾಳೆಯ ವಿಷಯ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 'ಎ ಝೀರೊ' ಹಾಳೆ ಗೊತ್ತು. 841 ಮಿಲಿಮೀಟರ್ ಅಗಲ, 1189 ಮಿಲಿಮೀಟರ್ ಉದ್ದ. ಈ ವಿಚಿತ್ರ ಸಂಖ್ಯೆಗಳ ಗುಟ್ಟು ಇಷ್ಟೇ: ಹಾಳೆಯ ವಿಸ್ತೀರ್ಣ ಸರಿಯಾಗಿ ಒಂದು ಚದರ ಮೀಟರ್. ಅದನ್ನು ಅರ್ಧಕ್ಕೆ ಮಡಿಸಿದರೆ ಎ ಒಂದು, ಮತ್ತೆ ಮಡಿಸಿದರೆ ಎ ಎರಡು. ನಾಲ್ಕು ಸಲ ಮಡಿಸಿದರೆ ಜೆರಾಕ್ಸ್ ಅಂಗಡಿಯ ಎ ನಾಲ್ಕು. ಅಂದರೆ ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಚಿಕ್ಕ ಹಾಳೆಗಳು. 'ಎಂಬತ್ತು ಜಿಎಸ್‌ಎಂ' ಕಾಗದವೆಂದರೆ ಈ ಒಂದು ಚದರ ಮೀಟರಿನ ತೂಕ 80 ಗ್ರಾಂ. ಐನೂರು ಹಾಳೆ ಸೇರಿದರೆ ಒಂದು ರೀಮು; ಅದರ ದಪ್ಪ ಸುಮಾರು ಐದು ಸೆಂಟಿಮೀಟರ್. ಈ ನಾಲ್ಕು ಲೆಕ್ಕ ಬಾಯಲ್ಲಿದ್ದರೆ ಸಾಕು, ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಲೋಕ ಅಳೆಯಲು ಹೊರಡಬಹುದು.

ನೆತ್ತಿಗೆ ಮೊಳೆ ಹೊಡೆಸಿಕೊಂಡ ಬಸವ

ಸುಲ್ತಾನ್‌ಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಚಿಕ್ಕಪೇಟೆ ಮೆಟ್ರೊ ನಿಲ್ದಾಣವಿದೆ. 2017ರ ಜೂನ್‌ನಲ್ಲಿ ಇಲ್ಲಿ ರೈಲು ಓಡುವ ಮೊದಲು ಮೆಜೆಸ್ಟಿಕ್ ಕಡೆಗೆ ಸುರಂಗ ಕೊರೆಯುತ್ತಿದ್ದ 'ಗೋದಾವರಿ' ಎಂಬ ದೈತ್ಯ ಯಂತ್ರ ನಡುದಾರಿಯಲ್ಲಿ ಗಟ್ಟಿ ಬಂಡೆಗೆ ಸಿಕ್ಕಿ ತಿಂಗಳುಗಟ್ಟಲೆ ಕೈಕಟ್ಟಿ ನಿಂತಿತ್ತು. ಪೇಟೆಯ ಅಡಿಯಲ್ಲಿ ಏನಿದೆಯೆಂದು ಆಗ ಊರಿಗೆ ತಿಳಿಯಿತು. ಅದೇ ಜಾತಿಯ ಬಂಡೆ ನೆಲದ ಮೇಲೆ ತಲೆ ಎತ್ತಿರುವುದನ್ನು ನೋಡಬೇಕಾದರೆ ಹಸಿರು ಮಾರ್ಗದ ರೈಲು ಹತ್ತಬೇಕು. ಕೆ.ಆರ್. ಮಾರುಕಟ್ಟೆ, ಆಮೇಲೆ ನ್ಯಾಷನಲ್ ಕಾಲೇಜು, ಆಮೇಲೆ ಲಾಲ್‌ಬಾಗ್.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಬಸವನಗುಡಿಯ ಮರಗಳ ನೆರಳಿನಲ್ಲಿ ನಡೆದರೆ ದೊಡ್ಡ ಬಸವಣ್ಣನ ಗುಡಿ. ಒಂದೇ ಕಲ್ಲಿನಲ್ಲಿ ಕಡೆದ ಬಸವ. ಎತ್ತರ ಸುಮಾರು 15 ಅಡಿ, ಉದ್ದ 20 ಅಡಿ. ಸುಲ್ತಾನ್‌ಪೇಟೆಯ ಹಾಳೆಯನ್ನು ಮೂತಿಯಿಂದ ಬಾಲದವರೆಗೆ ಹಿಡಿದರೆ ಐದು ಹಾಳೆ ಬೇಕು. ಮೈಸೂರಿನ ಚಾಮುಂಡಿ ಬೆಟ್ಟದ ನಂದಿ, ಗಡಿಯಾಚೆಯ ಲೇಪಾಕ್ಷಿಯ ನಂದಿ ಇದಕ್ಕಿಂತ ಉದ್ದ. ಆದರೆ ಕಥೆಯಲ್ಲಿ ಬೆಂಗಳೂರಿನ ಬಸವನೇ ಮುಂದು.

ಆಗ ಇದು ಸುಂಕೇನಹಳ್ಳಿ. ಸುತ್ತಲೂ ಕಡಲೆಕಾಯಿ ಹೊಲ. ರಾತ್ರಿಯಾದರೆ ಎಲ್ಲಿಂದಲೋ ಒಂದು ಗೂಳಿ ಬಂದು ಬೆಳೆ ಮೇಯುತ್ತಿತ್ತು. ಕಾದು ಕುಳಿತ ರೈತನೊಬ್ಬ ಸಿಟ್ಟಿನಿಂದ ದೊಣ್ಣೆ ಬೀಸಿದ. ಗೂಳಿ ಅಲ್ಲೇ ಕುಸಿದು ಕಲ್ಲಾಯಿತು. ಕಲ್ಲಾದದ್ದು ಸುಮ್ಮನಿರಲಿಲ್ಲ, ಬೆಳೆಯತೊಡಗಿತು! ಗಾಬರಿಯಾದ ಜನ ಶಿವನಿಗೆ ಮೊರೆಯಿಟ್ಟರು, ಅವನ ಅಪ್ಪಣೆಯಂತೆ ಬಸವನ ನೆತ್ತಿಗೆ ತ್ರಿಶೂಲದಂಥ ಮೊಳೆ ಹೊಡೆದರು, ಬೆಳವಣಿಗೆ ನಿಂತಿತು. ಅಂದಿನಿಂದ ಕಾರ್ತಿಕ ಮಾಸದ ಕಡೆಯ ಸೋಮವಾರ ಮೊದಲ ಫಸಲನ್ನು ಬಸವನಿಗೆ ಒಪ್ಪಿಸುವ ಕಡಲೆಕಾಯಿ ಪರಿಷೆ ನಡೆದುಬಂದಿದೆ.

ಕಡಲೆಕಾಯಿ ದಕ್ಷಿಣ ಅಮೆರಿಕ ಮೂಲದ ಬೆಳೆ. ಐರೋಪ್ಯರ ಹಡಗು ಹತ್ತಿ ಈ ದೇಶಕ್ಕೆ ಬಂದದ್ದು. ಹೀಗಾಗಿ ಕಥೆ ಗುಡಿಗಿಂತ ಕಿರಿಯದಿರಬೇಕು ಎಂದು ಜಾಣ ವಿದ್ಯಾರ್ಥಿ ವಾದಿಸಬಹುದು. ವಾದಿಸಲಿ. ಆದರೆ ಕಥೆ ಹೇಳುವ ಮಾತೊಂದಿದೆ: ದೊಡ್ಡದನ್ನು ಕಂಡು ಬೆರಗಾಗುವುದು ಸುಲಭ, ಅದರ ಜೊತೆ ಬಾಳುವುದು ಕಷ್ಟ. ಹೊಲ ಉಳಿಯಬೇಕು, ಬಸವನೂ ಉಳಿಯಬೇಕು. ರೈತರು ಬಸವನನ್ನು ಒಡೆಯಲಿಲ್ಲ. ಅವನ ಪಾಲನ್ನು ಅವನಿಗಿಟ್ಟು ಹೊಲ ಉಳಿಸಿಕೊಂಡರು. ಮೊಳೆ ಬಿದ್ದದ್ದು ಬಸವನ ನೆತ್ತಿಗೆ ಮಾತ್ರ. ಊರಿನ ನೆತ್ತಿಗೆ ಮೊಳೆ ಹೊಡೆಯಲು ಯಾರಿಗೂ ಆಗಲಿಲ್ಲ. ಅದು ಬೆಳೆಯುತ್ತಲೇ ಹೋಯಿತು. ಕಡಲೆಕಾಯಿ ಹೊಲಗಳು ಹೋದವು, ಪರಿಷೆಗೆ ಕಾಯಿ ಹೊರಗಿನ ಜಿಲ್ಲೆಗಳಿಂದ, ನೆರೆರಾಜ್ಯಗಳಿಂದ ಬರುವಂತಾಯಿತು.

ಅರಳೆಯಷ್ಟು ಹಗುರ ಬೀಜ

ಒಂದು ನಿಲ್ದಾಣ ಮುಂದೆ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ ಇಂದು 240 ಎಕರೆ. ಕೆಂಪೇಗೌಡ ಗೋಪುರ ನಿಂತಿರುವ ಇಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಗೋದಾವರಿ ಯಂತ್ರವನ್ನು ತಡೆದು ನಿಲ್ಲಿಸಿದ್ದು ಈ ಬಂಡೆಯ ಬಳಗವೇ. ಹತ್ತಿ ನಿಂತರೆ ಮಕ್ಕಳಿಗೆ ಅದು ಜಾರುಬಂಡೆ. ಭೂವಿಜ್ಞಾನಿಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕೆರೆಯ ಕಡೆ ಇಳಿದರೆ ಬಿಳಿ ಬೂರುಗದ ಹಿರಿಯಜ್ಜ ಸಿಗುತ್ತಾನೆ. ವಯಸ್ಸು ಸುಮಾರು 200 ವರ್ಷ. ಬುಡದ ಸುತ್ತ ಹಲಗೆಗಳಂತೆ ಎದ್ದ ಬೇರುಗಳು. ಒಂದೊಂದು ಸಂದಿಯಲ್ಲಿ ಒಂದೊಂದು ಸಂಸಾರ ಕುಳಿತು ಬುತ್ತಿ ಬಿಚ್ಚಬಹುದು ಎನ್ನುವಂತಿದೆ. ಈ ಗೋಡೆಬೇರುಗಳು ಅಂದಕ್ಕೆ ಬಂದವಲ್ಲ. ಆಳಕ್ಕೆ ಇಳಿಯದ ಬೇರಿನ ಎತ್ತರದ ಮರ ಗಾಳಿಗೆ ಉರುಳದಂತೆ ಸುತ್ತಲೂ ಆನಿಕೆ ಕೊಟ್ಟು ನಿಂತ ಉಪಾಯ. ಇಷ್ಟು ದೊಡ್ಡ ಮರ ಬಂದದ್ದು ಅರಳೆಯ ಎಳೆ ಹಿಡಿದು ಗಾಳಿಯಲ್ಲಿ ತೇಲುವ ಪುಟ್ಟ ಬೀಜದಿಂದ.

ಬೀಜದ ಲೆಕ್ಕ ಲೋಕದಲ್ಲೆಲ್ಲ ಹೀಗೆಯೇ ಸೋಜಿಗದ್ದು. ಗಾತ್ರದಲ್ಲಿ ಜಗತ್ತಿನ ಅತಿ ದೊಡ್ಡ ಮರ ಅಮೆರಿಕದ ಕ್ಯಾಲಿಫೋರ್ನಿಯದ 'ಜನರಲ್ ಶರ್ಮನ್' ಎಂಬ ಸಿಕೋಯ. ಎತ್ತರ 83.8 ಮೀಟರ್, ಸುಲ್ತಾನ್‌ಪೇಟೆಯ ಹಾಳೆಗಳನ್ನು ಉದ್ದಕ್ಕೆ ಅಂಟಿಸುತ್ತ ಹೋದರೆ ಎಪ್ಪತ್ತು ಮುಗಿದರೂ ತುದಿ ಸಿಗದು. ಸಿಕೋಯದ ಬೀಜವೋ ಒಂದು ಕಿಲೋಗೆ ಲಕ್ಷಕ್ಕೂ ಮೀರಿ ತೂಗುವಷ್ಟು ಹಗುರ. ಅತ್ತ ಜಗತ್ತಿನ ಅತಿ ದೊಡ್ಡ ಬೀಜ ಸೆಶೆಲ್ಸ್ ದ್ವೀಪಗಳ ಜೋಡಿ ತೆಂಗಿನದು. ಒಂದೊಂದು ಹದಿನೈದು ಕಿಲೋ ಮೀರುವುದುಂಟು. ಅದರಿಂದ ಹುಟ್ಟುವುದು ಒಂದು ತಾಳೆಮರ, ಅಷ್ಟೆ! ಆರಂಭ ನೋಡಿ ಕೊನೆ ಹೇಳಬಾರದು ಎಂಬ ಮಾತು ಅಂಕಪಟ್ಟಿ ಹಿಡಿದು ಕೂತ ತಂದೆತಾಯಿಗಳಿಗೂ ಸಲ್ಲುತ್ತದೆ.

ಕಡಲಿನ ಕಥೆಯೂ ಬೇರೆಯಲ್ಲ. ನೀಲಿ ತಿಮಿಂಗಿಲ ಈವರೆಗೆ ತಿಳಿದ ಪ್ರಾಣಿಗಳಲ್ಲೆಲ್ಲ ಭಾರದ್ದು; 30 ಮೀಟರ್ ಉದ್ದ ಬೆಳೆಯಬಲ್ಲದು. ಎರಡೂವರೆ ಸಿಟಿ ಬಸ್ಸು, ಅಥವಾ ಇಪ್ಪತ್ತೈದು ಹಾಳೆ. ಅದರ ಊಟ ಮಾತ್ರ ಸೀಗಡಿಯಂಥ, ಬೆರಳುದ್ದದ 'ಕ್ರಿಲ್'. ದಿನಕ್ಕೆ ಟನ್ನುಗಟ್ಟಲೆ ಬೇಕು. ಕ್ರಿಲ್ ಇಲ್ಲದಿದ್ದರೆ ತಿಮಿಂಗಿಲವಿಲ್ಲ.

ಗುಳ್ಳಕಾಯಿಯಷ್ಟು ಹಾಲು

ದೊಡ್ಡದನ್ನು ಚಿಕ್ಕದರ ಪಕ್ಕದಲ್ಲಿಟ್ಟು ನೋಡುವ ಈ ಬುದ್ಧಿ ಕನ್ನಡಿಗರಿಗೆ ಹೊಸದಲ್ಲ. ಹಂಪಿಯಲ್ಲಿ ಒಂದೇ ಬಂಡೆಯಿಂದ ಕಡೆದ ಸುಮಾರು ನಾಲ್ಕೂವರೆ ಮೀಟರ್ ಎತ್ತರದ ಗಣಪನಿಗೆ ಜನ ಇಟ್ಟ ಹೆಸರು 'ಕಡಲೆಕಾಳು ಗಣಪ'. ಆಳಿಗಿಂತ ಎತ್ತರದ ಇನ್ನೊಬ್ಬನಿಗೆ 'ಸಾಸಿವೆಕಾಳು ಗಣಪ'. ವಿಜಯಪುರದ ಗೋಲಗುಮ್ಮಟದಲ್ಲಿ ನಡುವೆ ಒಂದೂ ಕಂಬವಿಲ್ಲದ ಸುಮಾರು 1,700 ಚದರ ಮೀಟರ್ ನೆಲವಿದೆ. ಹಾಸಲು ಮೂರೂವರೆ ರೀಮು ಹಾಳೆ ಬೇಕು. ಆದರೆ ಆ ಗುಮ್ಮಟದ ಹಿರಿಮೆ ತೋರಿಸುವವರು ಮಾಡುವುದೇನು? ಈ ತುದಿಯಲ್ಲಿ ನಿಂತು ಒಂದು ಕಾಗದದ ಚೂರು ಹರಿಯುತ್ತಾರೆ. 'ಪರ್' ಎಂಬ ಆ ಸದ್ದು ಆ ತುದಿಯಲ್ಲಿ ಕಿವಿಗೊಟ್ಟವರಿಗೆ ಕೇಳಿಸುತ್ತದೆ.

ಶ್ರವಣಬೆಳಗೊಳದ ಗೊಮ್ಮಟನ ಕಥೆ ಎಲ್ಲರಿಗೂ ಗೊತ್ತು. ಕ್ರಿ.ಶ. 981ರ 58 ಅಡಿ ಎತ್ತರದ ಏಕಶಿಲೆ. ರೀಮುಗಳನ್ನು ಒಂದರ ಮೇಲೊಂದು ಪೇರಿಸಿದರೆ ಗೊಮ್ಮಟನ ಮುಡಿ ಮುಟ್ಟಲು ಸುಮಾರು 350 ರೀಮು, ಅಂದರೆ ಒಂದೂಮುಕ್ಕಾಲು ಲಕ್ಷ ಹಾಳೆ ಬೇಕಾದೀತು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಪಾದ ಮುಟ್ಟಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಮಾತ್ರ ಮುಡಿಯಿಂದ ಅಡಿಯವರೆಗೆ ಮೂರ್ತಿಯನ್ನು ತೋಯಿಸಿತು. ಆ ಗುಳ್ಳಕಾಯಜ್ಜಿಯ ಚಿಕ್ಕ ವಿಗ್ರಹ ಇಂದಿಗೂ ಗೊಮ್ಮಟನಿಗೆ ಎದುರಾಗಿ ನಿಂತಿದೆ. 2018ರ ಮಹಾಮಸ್ತಕಾಭಿಷೇಕಕ್ಕೆ ಹೋದ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿ ತಿರುಗಿ ಆಕೆಯ ಕಡೆ ನೋಡಿದರೋ!

ತಾಯಿಬೇರಿಲ್ಲದ ಮರ

ಮತ್ತೆ ಬಸವನಗುಡಿಗೆ ಬಂದು ಅಲ್ಲಿಂದ ಊರಾಚೆ ಹೊರಡಬೇಕು. ದಾರಿ ತೋರಲು ಒಂದು ಹೊಳೆಯೇ ಇದೆ. ದೊಡ್ಡ ಬಸವನ ಪಾದದಲ್ಲಿ ಹುಟ್ಟಿದ್ದೆಂದು ಹೇಳುವ ವೃಷಭಾವತಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಕೆಂಗೇರಿಯ ಕಡೆ ಸಾಗುತ್ತದೆ. ಹಿರಿಯರು ಸ್ನಾನ ಮಾಡಿದ ಆ ನೀರು ಈಗ ನಗರದ ಕೊಳಚೆ ಹೊತ್ತು ಕಪ್ಪಾಗಿ ಹರಿಯುತ್ತದೆ. ಕಿಟಕಿ ಮುಚ್ಚಿಕೊಂಡು ಆ ದಾರಿಯಲ್ಲಿ ಸಾಗಿ, ಕುಂಬಳಗೋಡು ದಾಟಿ ಬಲಕ್ಕೆ ತಿರುಗಿ ರಾಮೋಹಳ್ಳಿಯ ಕಡೆ ಹೋದರೆ ಕೇತೋಹಳ್ಳಿಯ ದೊಡ್ಡ ಆಲದ ಮರ.

ಮೊದಲ ಬಾರಿ ಬಂದ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಮರ ಎಲ್ಲಿ?" ಎದುರಿಗಿರುವುದು ತೋಪಿನಂತೆ ಕಾಣುತ್ತದೆ. ನೂರಾರು ಕಾಂಡಗಳು, ನಡುವೆ ಮುನೇಶ್ವರನ ಗುಡಿ, ಕೊಂಬೆಗಳಲ್ಲಿ ಕೋತಿಗಳು. ಇದೆಲ್ಲ ಒಂದೇ ಮರ ಎಂದರೆ ನಂಬಿಕೆ ಬರುವುದು ತಡ. ವಯಸ್ಸು ಸುಮಾರು 400 ವರ್ಷ, ಹರವು ಮೂರು ಎಕರೆ. ಮೂರು ಎಕರೆಯೆಂದರೆ ಹತ್ತಿರ ಹತ್ತಿರ 12,140 ಚದರ ಮೀಟರ್. ಸುಲ್ತಾನ್‌ಪೇಟೆಯ ಲೆಕ್ಕದಲ್ಲಿ ಇಪ್ಪತ್ತನಾಲ್ಕು ರೀಮು ದೊಡ್ಡ ಹಾಳೆ. ತೂಕ ಸುಮಾರು 970 ಕಿಲೋ. ಒಂದು ಟೆಂಪೊದಲ್ಲಿ ಸಾಗಿಸಬಹುದು.

ಕದಿರಿಯ ಬಳಿಯ ತಿಮ್ಮಮ್ಮ ಮರ್ರಿಮಾನು ಇನ್ನೂ ದೊಡ್ಡದು: 19,107 ಚದರ ಮೀಟರ್, ಮೂವತ್ತೆಂಟು ರೀಮು. 1989ರಲ್ಲಿ ಅದು ಗಿನ್ನೆಸ್ ದಾಖಲೆ ಸೇರುವಂತೆ ಓಡಾಡಿದವರು ಬೆಂಗಳೂರಿನ ಪತ್ರಕರ್ತ, ಛಾಯಾಗ್ರಾಹಕ ರಿಗ್ರೆಟ್ ಅಯ್ಯರ್. ಕೋಲ್ಕತ್ತದ ಸಸ್ಯೋದ್ಯಾನದ ಮಹಾ ಆಲಕ್ಕೆ ಶಿಲೀಂಧ್ರ ಹಿಡಿದು 1925ರಲ್ಲಿ ಅದರ ನಡುಕಾಂಡವನ್ನೇ ಕಡಿದು ತೆಗೆಯಬೇಕಾಯಿತು. ಮರ ಸಾಯಲಿಲ್ಲ, ಮುಂದೂ ಹಬ್ಬಿತು. ಕೇತೋಹಳ್ಳಿಯ ಮರಕ್ಕೂ ಅದೇ ಗತಿ. ಅದರ ತಾಯಿಕಾಂಡ 2000ದ ದಶಕದಲ್ಲಿ ರೋಗಕ್ಕೆ ತುತ್ತಾಯಿತು. ಈಗ ನಿಂತಿರುವುದೆಲ್ಲ ಬಿಳಲುಗಳ ಬಲದಿಂದ. ಕೊಂಬೆಯಿಂದ ದಾರದಂತೆ ಇಳಿದ ಬಿಳಲು ನೆಲ ಮುಟ್ಟಿದರೆ ಬೇರಾಗುತ್ತದೆ, ದಪ್ಪವಾಗಿ ಕಂಬವಾಗುತ್ತದೆ, ತನ್ನನ್ನು ಇಳಿಬಿಟ್ಟ ಕೊಂಬೆಯನ್ನೇ ಹೊರುತ್ತದೆ. ಹೆತ್ತವರನ್ನು ಹೊತ್ತ ಮಕ್ಕಳಂತೆ.

ಆದರೆ ಬಿಳಲಿಗೆ ಮೆತ್ತನೆಯ ಮಣ್ಣು ಬೇಕು. ಸಾವಿರಾರು ಕಾಲುಗಳು ತುಳಿದು ಗಟ್ಟಿಯಾದ ನೆಲದಲ್ಲಿ ಅದು ಬೇರೂರುವುದು ಕಷ್ಟ. ಉಯ್ಯಾಲೆಯಾಡಲು ಹಿಡಿದು ಜಗ್ಗಿದರೆ ನೆಲ ಮುಟ್ಟುವ ಮೊದಲೇ ತುಂಡಾಗುತ್ತದೆ. 2024ರ ಜೂನ್ ಆರಂಭದ ಮಳೆಗಾಳಿಗೆ ಈ ಮರದ ಒಂದು ಭಾಗ ಉರುಳಿತು. ಆನಿಕೆಯಿಲ್ಲದ ಕಡೆ ಎಷ್ಟು ಹಳೆಯ ಮರವಾದರೂ ಬೀಳುತ್ತದೆ.

ಹೀಗೆ ಬಿದ್ದದ್ದು ಇದೊಂದೇ ಅಲ್ಲ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಜನ 'ದೊಡ್ಡ ಹುಣಸೆ' ಎಂದು ಕರೆಯುವ ಮೂರು ಬೃಹತ್ ಮರಗಳಿದ್ದವು. ಹೆಸರಿಗೆ ಹುಣಸೆ, ನಿಜಕ್ಕೂ ಆಫ್ರಿಕ ಮೂಲದ ಬಾವೊಬಾಬ್. 2023ರ ಮಳೆಗಾಲದಲ್ಲಿ ಒಂದು ಬುಡಮೇಲಾಯಿತು. ಜನ ಸುಮ್ಮನೆ ಸೌದೆಯ ಲೆಕ್ಕ ಹಾಕಲಿಲ್ಲ. ಯಂತ್ರಗಳನ್ನು ತರಿಸಿ ಮರವನ್ನು ಎತ್ತಿ ಮತ್ತೆ ನೆಟ್ಟರು. ಕಬಿನಿಯ ಕಾಡಿನ ಭೋಗೇಶ್ವರ ಎಂಬ ಸಲಗ 2022ರ ಜೂನ್‌ನಲ್ಲಿ ಮುಪ್ಪಿನಿಂದ ತೀರಿಕೊಂಡಿತು. ವಯಸ್ಸು ಸುಮಾರು 60. ಅದರ ದಂತಗಳಲ್ಲಿ ಒಂದು 2.54 ಮೀಟರ್, ಇನ್ನೊಂದು 2.34 ಮೀಟರ್. ಎರಡು ಹಾಳೆ ಉದ್ದಕ್ಕಿಟ್ಟರೂ ಉದ್ದದ ದಂತ ಆರು ಅಂಗುಲ ಹೊರಗುಳಿಯುತ್ತದೆ. ದಂತಕ್ಕಾಗಿಯೇ ಆನೆಗಳನ್ನು ಕೊಂದ ಕಾಲದಲ್ಲಿ ಅಷ್ಟು ಉದ್ದದ ದಂತ ಹೊತ್ತ ಆನೆ ಮುದಿಯಾಗಿ ಸಾಯಲು ಸಾಧ್ಯವಾದದ್ದೇ ಒಂದು ದಾಖಲೆ. ಅದರ ಹಿಂದೆ ರಾತ್ರಿಯೆಲ್ಲ ಕಾಡು ಕಾಯ್ದ ವಾಚರುಗಳ ಅರವತ್ತು ವರ್ಷಗಳ ಸವೆದ ಚಪ್ಪಲಿಗಳಿವೆ.

ಹಾಳೆಯಲ್ಲಿ ಹಿಡಿಯದ್ದು

ಸಂಜೆಯ ಹೊತ್ತಿಗೆ ಸುಲ್ತಾನ್‌ಪೇಟೆಯಲ್ಲಿ ಅಂಗಡಿಗಳ ಬಾಗಿಲು ಅರ್ಧ ಇಳಿದಿರುತ್ತದೆ. ಓಣಿಯಲ್ಲಿ ಬಿದ್ದ ಕಾಗದದ ಸಣ್ಣ ಪಟ್ಟಿಗಳನ್ನು ಆಯುವವರು ಚೀಲ ತುಂಬಿಕೊಳ್ಳುತ್ತಾರೆ. ಅದೂ ಮತ್ತೆ ಕರಗಿ ಕಾಗದವಾಗುತ್ತದೆ. ಬೆಳಿಗ್ಗೆ ತಬ್ಬಿಬ್ಬಾಗಿದ್ದ ಅಪ್ಪ ಈಗ ಮನೆಯಲ್ಲಿ ನೆಲದ ಮೇಲೆ ಹಾಳೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟು, ಮಗಳು ಬರೆಯುವ ಆಲದ ಮರಕ್ಕೆ ಕೊಂಬೆಗಳ ಗುರುತು ಹಾಕಿಕೊಡುತ್ತಿರಬೇಕು.

ದೊಡ್ಡದರ ಉದ್ದ, ಅಗಲ, ತೂಕ ಎಲ್ಲವನ್ನೂ ಹಾಳೆಯಲ್ಲಿ ಅಳೆಯಬಹುದು. ಕೇತೋಹಳ್ಳಿಯ ನೆರಳಿನಷ್ಟು ಕಾಗದ ಒಂದು ಟೆಂಪೊದಲ್ಲಿ ಬರುತ್ತದೆ. ಆದರೆ ಆ ನೆರಳು ಬೆಳೆಯಲು ಹಿಡಿದ ನಾನೂರು ವರ್ಷ, ಅಷ್ಟೂ ವರ್ಷ ಕೊಡಲಿ ಎತ್ತದ ಕೈಗಳು ಯಾವ ರೀಮಿನ ಲೆಕ್ಕಕ್ಕೂ ಸಿಗವು. ದಾಖಲೆ ಪುಸ್ತಕಗಳಲ್ಲಿ ಮರದ ಹೆಸರಿರುತ್ತದೆ, ಕಾದವರ ಹೆಸರಿರುವುದಿಲ್ಲ.

ರಜೆಯ ದಿನ ಮಕ್ಕಳೊಡನೆ ಹೊರಡುವವರು ಒಂದು ಹಗ್ಗ, ಒಂದು ಟೇಪು ಜೊತೆಗಿಟ್ಟುಕೊಳ್ಳಲಿ. ಲಾಲ್‌ಬಾಗ್‌ವರೆಗೆ ಹೋಗಲಾಗದಿದ್ದರೆ ತಮ್ಮ ಬೀದಿಯ ಅತಿ ದೊಡ್ಡ ಮರವೇ ಸಾಕು. ಎದೆಮಟ್ಟದಲ್ಲಿ ಹಗ್ಗ ಸುತ್ತಿ ಅಳೆದು, ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮುಂದಿನ ವರ್ಷ ಅದೇ ದಿನ ಮತ್ತೆ ಅಳೆಯಲಿ. ಎರಡು ಅಂಕಿಗಳ ನಡುವೆ ಬೆರಳಗಲದ ವ್ಯತ್ಯಾಸವೂ ಇರಲಾರದು. ಆದರೆ ಅಳೆಯಲು ಮರ ಅಲ್ಲೇ ಇದ್ದರೆ, ಆ ವರ್ಷ ಅದನ್ನು ಕಾದವರಲ್ಲಿ ಆ ಮಗುವೂ ಒಂದು.